ಬೀದಿಗೆ ನಾವೊಬ್ಬರೇ

ಮನೆಯಿಂದ
ಮಾರ್ಚ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹೋಟೆಲಿನ ಲಾಂಡ್ರಿಯಲ್ಲಿ ದಿನವಿಡೀ ಹಬೆಯ ಮುಂದೆ ನಿಂತು ಕೈಚರ್ಮ ಸುಲಿಯುತ್ತಿದೆ ಎಂದಿದ್ದಿರಿ. ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲಾ ಎಂದಿನಂತೆ ಡಬ್ಬಿ ದಿಂಬಿನ ಕೆಳಗೆ ಹಾಯಾಗಿ ಮಲಗಿದೆಯೋ? ಇಲ್ಲಿ ಮಾವನವರ ಮಂಡಿನೋವು ಹಾಗೇ ಇದೆ, ಬಾಯಿಯೂ ಹಾಗೇ ಇದೆ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದು, ನಕ್ಕರೆ ಥೇಟ್ ನಿಮ್ಮಮ್ಮನ ಹಾಗೆ ಕಾಣುತ್ತಾಳೆ. ಫೋನಿನಲ್ಲಿ ಮಾತಾಡೋಣವೆಂದರೆ ಮಾವನವರು ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ, ಆ ಕಡೆ ನಿಮ್ಮ ಕೋಣೆಯವರೆಲ್ಲ ಇರುತ್ತಾರೆ. ಅದಕ್ಕೇ ಈ ಪತ್ರ. ರಜೆಗೆ ಬಂದಿದ್ದ ನಿಮ್ಮ ಹೋಟೆಲಿನ ಎಲೆಕ್ಟ್ರಿಷಿಯನ್ ನಾಳೆ ವಾಪಸು ಹೊರಡುತ್ತಾರಂತೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ನೀವು ಇನ್ನೂ ಮೂರು ವರ್ಷ ಅಲ್ಲೇ ಇರುತ್ತೇನೆಂದು ಸಹಿ ಹಾಕುವುದರೊಳಗೆ ಇದು ನಿಮ್ಮ ಕೈಸೇರಬೇಕು.

ನೀವೇ ಹಟ ಹಿಡಿದು ಸೇರಿಸಿದ ವ್ಯಾಪಾರದ ಕ್ಲಾಸಿಗೆ ತಪ್ಪದೆ ಹೋಗುತ್ತಿದ್ದೇನೆ. ಲೈಬ್ರರಿಯ ಮೇಲಿನ ಕೋಣೆ, ಅಲುಗಾಡುವ ಬೆಂಚುಗಳು, ಎಲ್ಲರೂ ನಮ್ಮಂಥ ಸಣ್ಣ ಅಂಗಡಿಯವರೇ. “ನಮ್ಮಂಗ್ಡಿಗೆ ಸ್ಟೀಮ್ ಪ್ರೆಸ್ ಯಂತ್ರ ಬರೋ ಹೊತ್ತಿಗೆ ಬಿಸಿನೆಸ್ ಅಂದ್ರೇನು ಅಂತ ನೀನು ಕಲ್ತಿರ್ಬೇಕು” ಎಂದಿದ್ದಿರಲ್ಲ, ಕಲಿತೆ. ಕಲಿಯದೇ ಇದ್ದಿದ್ದರೆ ನೆಮ್ಮದಿಯಾಗಿರುತ್ತಿದ್ದೆ. ಒಂದು ದಿನ ಮೇಡಂ ಬೋರ್ಡಿನ ಮೇಲೆ ‘ಏಕಸ್ವಾಮ್ಯ’ ಎಂದು ಬರೆದರು. ಮಾರುಕಟ್ಟೆಯಲ್ಲಿ ಮಾರುವವನು ಒಬ್ಬನೇ ಇದ್ದರೆ ಅವನು ಹೇಳಿದ್ದೇ ದರ ಎಂದು ವಿವರಿಸಿದರು. ನಾನು ಸುಮ್ಮನಿರುವವಳೇ? ಕೈ ಎತ್ತಿ, “ಮೇಡಂ, ನಮ್ದೂ ಅದೇ! ಇಸ್ತ್ರಿ ಅಂಗಡಿ ಅಂತ ಬೀದಿಗೆ ಇರೋದು ನಾವೊಬ್ರೇ” ಎಂದುಬಿಟ್ಟೆ. ಹಾಗಾದರೆ ದರ ಏರಿಸಿದಿರಾ ಎಂದು ಕೇಳಿದರು. ಇಲ್ಲ ಮೇಡಂ, ಇನ್ನೂ ಇಳಿಸಿದ್ದೇವೆ ಎಂದೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. “ಒಬ್ರೇ ಇರೋದು ಬೇರೆ ಅಮ್ಮಾ, ಕೊನೇಲಿ ಉಳ್ಕೊಂಡಿರೋದು ಬೇರೆ” ಎಂದರು. ಆಮೇಲೆ ಅವರು ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ.

ನಗದೆ ಕೂತಿದ್ದವರು ಇನ್ನೊಬ್ಬರಿದ್ದರು. ಯಾರು ಗೊತ್ತೇ? ಮೂಲೆಯ ಇಸ್ತ್ರಿ ಅಂಗಡಿಯಣ್ಣ! ನಿಮ್ಮ ಹಳೆಯ ವೈರಿ ಈಗ ನನ್ನ ಹಿಂದಿನ ಬೆಂಚಿನ ವಿದ್ಯಾರ್ಥಿ. ನೆನಪಿದೆಯಲ್ಲ, ಅವರು ದರ ಇಳಿಸಿದರೆ ನೀವು ಇನ್ನಷ್ಟು ಇಳಿಸುವುದು, ನೀವು ಇಳಿಸಿದರೆ ಅವರು ಬಟ್ಟೆಯ ಗಂಟನ್ನು ಮನೆಗೇ ಹೊತ್ತು ತಂದು ಕೊಡುವುದು. ಕೊನೆಗೆ ಅವರು ಬಾಗಿಲು ಹಾಕಿದ ದಿನ ನೀವು ಮೀಸೆ ತಿರುವಿ “ಇನ್ನು ಬೀದಿಯೆಲ್ಲ ನಮ್ದೇ” ಎಂದಿರಿ. ಅವರ ಗಿರಾಕಿಗಳು ಬಂದರೆ ಬಟ್ಟೆ ಇಡಲು ಜಾಗ ಬೇಕಲ್ಲ ಎಂದು ಮಾವನವರು ಹೊಸ ಕಪಾಟು ಮಾಡಿಸಿದರು. ಒಬ್ಬರೂ ಬರಲಿಲ್ಲ. ದೊಡ್ಡ ಯಂತ್ರವಿಲ್ಲದ್ದಕ್ಕೆ ಬರುತ್ತಿಲ್ಲ ಎಂದು ನೀವೇ ತೀರ್ಮಾನಿಸಿ, ಅದನ್ನು ಕೊಳ್ಳುವಷ್ಟು ದುಡಿಯಲು ವಿಮಾನ ಹತ್ತಿದಿರಿ. ಸುಕ್ಕೇ ಬೀಳದ ಬಟ್ಟೆ ಬಂದಿದೆ, ಅರ್ಧ ಜನ ಮನೆಯಲ್ಲೇ ಕೂತು ಬನಿಯನ್ನಿನಲ್ಲಿ ಆಫೀಸು ಮಾಡುತ್ತಾರೆ. ಗಿರಾಕಿ ಬಾರದ್ದಕ್ಕೆ ಇದೇ ಕಾರಣ, ನಿಮ್ಮ ಎದುರಾಳಿ ಮೂಲೆಯ ಅಂಗಡಿಯಾಗಿರಲೇ ಇಲ್ಲ ಎಂದು ಮೇಡಂ ಮುಂದಿನ ಕ್ಲಾಸಿನಲ್ಲಿ ಬಿಡಿಸಿ ಹೇಳಿದರು. ಮೆಟ್ಟಿಲಿಳಿಯುವಾಗ ಅಂಗಡಿಯಣ್ಣ ಹೇಳಿದರು: “ನಾನು ನಿಮ್ಮನ್ನೇ ನೋಡ್ತಾ ಕೂತೆ, ನೀವು ನನ್ನನ್ನೇ ನೋಡ್ತಾ ಕೂತ್ರಿ ಅಕ್ಕಾ. ಜನ ಏನ್ ಹಾಕ್ಕೊಂಡು ಓಡಾಡ್ತಿದಾರೆ ಅಂತ ಇಬ್ರೂ ನೋಡ್ಲಿಲ್ಲ.” ಅವರಿಗೆ ಕಣ್ಣು ತುಂಬಿತ್ತು, ನನಗೂ ತುಂಬಿತು.

ಮಾವನವರಿಗೆ ಇದನ್ನೆಲ್ಲ ಹೇಳುವ ಹಾಗಿಲ್ಲ. ಬೆಳಿಗ್ಗೆ ಅಂಗಡಿ ತೆಗೆದು ಇಸ್ತ್ರಿ ಪೆಟ್ಟಿಗೆ ಕಾಯಿಸುತ್ತಾರೆ. ಬಟ್ಟೆ ಇರುವುದಿಲ್ಲ. ಸುಮ್ಮನೆ ಕೂತರೆ ಜನ ಏನೆಂದುಕೊಂಡಾರು ಎಂದು ನಮ್ಮ ಮನೆಯ ದಿಂಬಿನ ಚೀಲ, ಪುಟ್ಟಿಯ ಲಂಗ, ಕೊನೆಗೆ ಮಸಿಬಟ್ಟೆಗೂ ಇಸ್ತ್ರಿ ಮಾಡಿ ಹೊಸ ಕಪಾಟಿನಲ್ಲಿ ಜೋಡಿಸುತ್ತಾರೆ. ಸಂಜೆ ಅದನ್ನೇ ಚೀಲದಲ್ಲಿ ತುಂಬಿ ಮನೆಗೆ ತರುತ್ತಾರೆ. “ಮಗ ಯಂತ್ರ ತರ್ಲಿ, ಆಮೇಲೆ ನೋಡು” ಎನ್ನುತ್ತಾರೆ. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಗುತ್ತದೆ.

ಮೊನ್ನೆ ನೀವು, “ಈಗ ಬಿಟ್ಟು ಬಂದ್ರೆ ಇಷ್ಟು ವರ್ಷ ಪಟ್ಟ ಪಾಡೆಲ್ಲ ದಂಡ ಆಗುತ್ತೆ ಕಣೇ” ಎಂದಿರಿ. ಮೇಡಂ ಅದಕ್ಕೂ ಒಂದು ಹೆಸರು ಕಲಿಸಿದ್ದಾರೆ, ಮುಳುಗಿದ ವೆಚ್ಚ. ಮುಳುಗಿದ್ದನ್ನು ತಕ್ಕಡಿಗೆ ಹಾಕಬಾರದಂತೆ, ಇನ್ನು ಹಾಕಲಿರುವುದನ್ನು ಮಾತ್ರ ತೂಗಬೇಕಂತೆ. ದಂಡ ಆಗುವುದೇನು ಬಂತು, ಆಗಿಯೇ ಹೋಗಿದೆ. ಪುಟ್ಟಿ ಗೆಳತಿಯರ ಹತ್ತಿರ ನಿಮ್ಮನ್ನು “ಫೋನಲ್ಲಿರೋ ಅಪ್ಪ” ಎನ್ನುತ್ತಾಳೆ. ಇನ್ನು ಮೂರು ವರ್ಷ ಹಾಕಿದರೆ ಏನು ಉಳಿದೀತು ನೀವೇ ಹೇಳಿ. ಬಂದರೆ ಹೊಟ್ಟೆಪಾಡೇನು ಎಂದು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಮೇಡಂ ಅವರನ್ನೂ ಕೇಳಿದೆ, ಅವರು ಬೋರ್ಡು ಒರೆಸತೊಡಗಿದರು. ನನಗೆ ಯಾವ ದಾರಿಯೂ ಕಾಣುತ್ತಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡಿ, ಕೈಗೆ ಮುಲಾಮು ಹಚ್ಚಿ. ಮಾವನವರ ಆಶೀರ್ವಾದ, ಪುಟ್ಟಿಯ ಹಲ್ಲಿಲ್ಲದ ಮುತ್ತು ಇದರ ಜೊತೆಗಿವೆ.

ನಿಮ್ಮ
ಬಾಯಿಬಡುಕಿ

ತಾ.ಕ.: ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ನಿಂತಿದ್ದಾರೆ. ಇಷ್ಟು ಬರೆದರೂ ಮುಖ್ಯವಾದದ್ದನ್ನು ಬರೆಯಲು ಕೈ ಬರಲಿಲ್ಲ. ಇವತ್ತು ಭಾನುವಾರ ಅಂಗಡಿಗೆ ರಜೆಯಲ್ಲ, ಬೆಳಿಗ್ಗೆ ಅದರ ಕೀಲಿಕೈಯನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿ ಬಂದೆ. ಯಂತ್ರದವರಿಗೂ ಬೇಡವೆಂದು ಹೇಳಿದ್ದೇನೆ. ನೀವು ಸಹಿ ಹಾಕಿದರೂ ಅದನ್ನು ತಂದಿಡಲು ಜಾಗವಿಲ್ಲ. ಮಾವನವರಿಗೆ ತಿಳಿಸಿಲ್ಲ. ನಾಳೆ ಸ್ನಾನ ಮುಗಿಸಿ ಕೀಲಿಕೈಗೆಂದು ಗೋಡೆಯ ಮೊಳೆಗೆ ಕೈ ಹಾಕುತ್ತಾರೆ. ಕೀಲಿಕೈ ಎಲ್ಲೋ ಬಿದ್ದುಹೋಯಿತು, ಹುಡುಕುತ್ತಿದ್ದೇನೆ ಎನ್ನುತ್ತೇನೆ. ಎಷ್ಟು ದಿನ ನಂಬುತ್ತಾರೋ ಕಾಣೆ. ಅಂಗಡಿ ಇಲ್ಲ ಎಂಬ ಮಾತನ್ನು ಅವರಿಗೆ ಸೊಸೆ ಹೇಳಬಾರದು, ಮಗ ಹೇಳಬೇಕು. ಫೋನಿನಲ್ಲಲ್ಲ. ಬಂದು ಹೇಳಿ.