ಎರಡೂ ಬೈಕು ಓಡಿಸಿ ನೋಡಿದೆ, ಹರೀಶಣ್ಣ

ಹರೀಶಣ್ಣಾ,

ನಿನ್ನ ಹತ್ತಿರ ತುಳುವಿನಲ್ಲಿ ಜಗಳ ಮಾಡಿ ಗೊತ್ತು, ಕನ್ನಡದಲ್ಲಿ ಪತ್ರ ಬರೆದು ಗೊತ್ತಿಲ್ಲ. ನಾನೀಗ ಬಂಟ್ವಾಳದಲ್ಲಿ ಹೈಸ್ಕೂಲು ಟೀಚರ್. ‘ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಅಂತ ಮಕ್ಕಳಿಗೆ ಪತ್ರಲೇಖನ ಹೇಳಿಕೊಡುವವಳು. ನಿನಗೆ ಹಾಗೆ ಬರೆಯುವುದು ಹೇಗೆ? ಇದು ಕ್ಷೇಮ ಕೇಳುವ ಪತ್ರ ಅಲ್ಲ. ನಿನ್ನ ಧಣಿ ರಘುರಾಮನ ಮುಖ ಇಳಿದು ಹೋದದ್ದನ್ನು ನಿನಗೆ ಹೇಳಬೇಕು, ಅಷ್ಟೇ.

ಮೂಡಬಿದ್ರೆಯ ಅವನ ಶೋರೂಮಿನಲ್ಲಿ ನಿನಗೆ ಕೆಲಸ ಸಿಕ್ಕಿದ ದಿನ ನೆನಪುಂಟಾ? ಗಿರಾಕಿಗಳನ್ನು ಟೆಸ್ಟ್ ರೈಡಿಗೆ ಕರ್ಕೊಂಡು ಹೋಗುವುದಕ್ಕೂ ಸಂಬಳ ಕೊಡ್ತಾರೆ ಅಂತ ಅಮ್ಮ ನಂಬಲೇ ಇಲ್ಲ. ಶೋರೂಮಿನಲ್ಲಿ ಓಡಿಸಿ ನೋಡಲಿಕ್ಕೆಂದೇ ಎರಡು ಬೈಕು ಇಟ್ಟಿದ್ದರು, ಒಂದು ಟೂರಿಂಗು, ಒಂದು ಸ್ಪೋರ್ಟ್ಸು. “ಟೂರಿಂಗ್ ಬೈಕಲ್ಲಿ ಕೂತರೆ ಚಾವಡಿಯಲ್ಲಿ ಎಲೆಯಡಿಕೆ ಹಾಕ್ತಾ ಕೂತ ಹಾಗೆ. ಸ್ಪೋರ್ಟ್ಸು ಹಾಗಲ್ಲ ಮಾರಾಯ್ತಿ, ಅದು ಯಾರನ್ನೋ ಹೊಡೀಲಿಕ್ಕೆ ಹೊರಟ ಹಾಗೆ” ಅಂದಿದ್ದಿ. ಕೊಯ್ಲು ಮುಗಿದ ಗದ್ದೆಯಲ್ಲಿ ನಿನ್ನ ಹಳೇ ಬೈಕು ಕೊಟ್ಟು ನನಗೆ ಕ್ಲಚ್ಚು ಗೇರು ಕಲಿಸಿದ್ದೂ ಆಗಲೇ. ಊರಿನವರು ನಗುತ್ತಿದ್ದರು. ನೀನು “ನಗಲಿ, ನೀನು ಗೇರ್ ಹಾಕು” ಅನ್ನುತ್ತಿದ್ದಿ.

ಕೊನೆಯ ಆ ಶುಕ್ರವಾರ ಸಂಜೆ ಅಮ್ಮ ಬೂತಾಯಿ ಮೀನು ಕಾಯಿಸುತ್ತಿದ್ದಳು. ನೀನು ಕೈ ತೊಳೆದು ಬಂದು ಕೂತೆ, ಊಟಕ್ಕೆ ಕೈ ಹಾಕಲಿಲ್ಲ. ಎಂತ ಆಯ್ತು ಅಂತ ಕೇಳಿದೆ. “ಸ್ಪೋರ್ಟ್ಸ್ ಬೈಕಿನ ಎದುರಿನ ಬ್ರೇಕು ಹಿಡಿಯುವುದಿಲ್ಲ. ಧಣಿಗೆ ಹೇಳಿದೆ. ನಾಳೆ ದೊಡ್ಡ ಗಿರಾಕಿ ಬರ್ತಾರೆ, ಎರಡೂ ಬೈಕು ತೋರಿಸ್ಲೇಬೇಕು ಅಂತಾರೆ” ಅಂದಿ. ಆಮೇಲೆ ಮೀನು ಚೆನ್ನಾಗಿದೆ ಅಂದಿ. ಆಮೇಲೆ… ಆಮೇಲೆ ನಾವು ಬೇರೆ ಏನೋ ಮಾತಾಡಿದೆವು.

ಮರುದಿನ ಎಸ್.ಟಿ.ಡಿ. ಬೂತಿನವರು ಓಡಿಕೊಂಡು ಬಂದರು. ನಮ್ಮ ಪುತ್ತಿಗೆಯ ಇಳಿಜಾರಿನ ತಿರುವಿನಲ್ಲೇ ಅಂತೆ. ಎದುರಿನಿಂದ ಬಸ್ಸು ಬಂತಂತೆ. ಗಿರಾಕಿ ನಿನ್ನ ಹಿಂದೆಯೇ ಟೂರಿಂಗ್ ಬೈಕಲ್ಲಿ ಬರುತ್ತಿದ್ದರು, ಅವರಿಗೆ ಒಂದು ಗೀರೂ ಆಗಲಿಲ್ಲ. ಅವರಿಗೆ ಬ್ರೇಕು ಸರಿ ಇದ್ದ ಬೈಕು ಕೊಟ್ಟು, ಕೆಟ್ಟದ್ದರ ಮೇಲೆ ನೀನೇ ಕೂತಿದ್ದಿ. ಯಾರಿಗೆ ಗೊತ್ತಾಯ್ತು ಅದು? ಗಿರಾಕಿ ವಾರದೊಳಗೆ ಗಲ್ಫಿಗೆ ಹೋದರು. ಪೊಲೀಸ್ ಸ್ಟೇಷನ್ನಿನಲ್ಲಿ ನಾನು ಬ್ರೇಕಿನ ವಿಷಯ ಎತ್ತಿದೆ. “ನಿಮಗೆ ಬೈಕಿನ ಬಗ್ಗೆ ಎಂತ ಗೊತ್ತುಂಟಮ್ಮ?” ಅಂತ ಕೇಳಿದರು.

ನಿನ್ನ ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ, ರಘುರಾಮ ಬಿಳಿ ಅಂಗಿ ಹಾಕಿ ಬಂದಿದ್ದ. ನಾನೇ ಅವನ ಎಲೆಗೆ ಪಾಯಸ ಬಡಿಸಿದೆ. ಎರಡನೇ ಸಲ ಹಾಕಿಸಿಕೊಂಡು ಪಕ್ಕದವರ ಹತ್ತಿರ ಹೇಳಿದ, “ಹುಡುಗ ಒಳ್ಳೆಯವ. ಆದರೆ ನನ್ನ ಹತ್ತಿರ ಕೇಳದೆ ಬೈಕು ತೆಗೊಂಡು ಹೋದ. ಸ್ವಲ್ಪ ಕುಡಿದಿದ್ದನೋ ಏನೋ, ದೇವರಿಗೇ ಗೊತ್ತು.” ದೇವರಿಗೆ ಮಾತ್ರ ಅಲ್ಲ ಅಣ್ಣ, ನನಗೂ ಗೊತ್ತಿತ್ತು. ಬೀರು ವಾಸನೆಗೇ ವಾಕರಿಸುವವನು ನೀನು. ಆ ಪಾಯಸದ ಸೌಟು ಕೈಯಲ್ಲಿ ಹಿಡಿದು ನಿಂತಲ್ಲೇ ನಾನು ಅಂದುಕೊಂಡೆ, ಇವನನ್ನು ಬಿಡುವುದಿಲ್ಲ.

ಅಪ್ಪ ಮತ್ತೆ ಪೇಟೆಗೆ ಹೋದದ್ದು ಕಡಿಮೆ. “ಹರೀಶ ಕುಡೀತಿದ್ದನಾ?” ಅಂತ ಕಟ್ಟೆಯಲ್ಲಿ ಯಾರೋ ಕೇಳಿದರಂತೆ. ಆ ಪ್ರಶ್ನೆ ಹೊತ್ತುಕೊಂಡೇ ಅಪ್ಪ ತೀರಿಹೋದರು. ಅಮ್ಮ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟಳು. ನನಗೆ ಮದುವೆಯಾಯಿತು. ನಿನ್ನ ಭಾವ ಸತೀಶರು ಒಳ್ಳೆಯವರು. “ಮರೆತುಬಿಡು ವಾರಿಜ, ಅವನ ಪಾಪ ಅವನಿಗೆ” ಅನ್ನುತ್ತಿದ್ದರು. ಯಾಕೆ ಮರೆಯಬೇಕು? ಪಾಪ ಅವನಿಗೆ ಅಂತೆ. ಎಲ್ಲಿ? ಅವನ ಹೊಟ್ಟೆ ಮುಂದೆ ಬಂತು, ಕಾರು ದೊಡ್ಡದಾಯಿತು, ಬೆಳ್ತಂಗಡಿಯಲ್ಲಿ ಇನ್ನೊಂದು ಶೋರೂಮೂ ಆಯಿತು.

ಹೋದ ತಿಂಗಳು ಬಸ್ಸಿನಲ್ಲಿ ಕೂತಿದ್ದಾಗ ಮೈಕು ಕಟ್ಟಿದ ಜೀಪು ಹಾದು ಹೋಯಿತು. ಬೆಳ್ತಂಗಡಿಯ ಮೈದಾನದಲ್ಲಿ ಭಾನುವಾರ ರಘುರಾಮನ ಶೋರೂಮಿನವರ ಟೆಸ್ಟ್ ರೈಡ್ ಅಂತೆ, ಟೂರಿಂಗ್ ಮತ್ತು ಸ್ಪೋರ್ಟ್ಸ್ ಎರಡೂ ಓಡಿಸಿ ಹೋಲಿಸಿ ನೋಡಿ ಅಂತೆ. ಮನೆಗೆ ಬಂದು ಸತೀಶರಿಗೆ “ಹೋಗುವ” ಅಂದೆ. ಅವರು ನನ್ನ ಮುಖ ನೋಡಿ ಭಾನುವಾರ ಬೆಳಿಗ್ಗೆಯ ಬಸ್ಸಿನ ಟೈಮು ಹೇಳಿದರು.

ಅಲ್ಲಿ ಲೈಸೆನ್ಸ್ ನೋಡಿದ ಸೇಲ್ಸಿನವ “ಮೇಡಂ, ಸ್ಕೂಟಿ ಆ ಕಡೆ ಉಂಟು” ಅಂದ. ನಾನು ಚೂಡಿದಾರದ ಶಾಲು ಸೊಂಟಕ್ಕೆ ಕಟ್ಟಿ ಟೂರಿಂಗ್ ಬೈಕು ಹತ್ತಿದೆ. ಗುರುವಾಯನಕೆರೆಯ ತನಕ ಹೋಗಿ ಬಂದೆ. ನೀನು ಹೇಳಿದ್ದು ಸರಿ. ಹ್ಯಾಂಡಲು ತಾನಾಗಿ ಕೈಗೆ ಬರುತ್ತದೆ, ಬೆನ್ನು ನೆಟ್ಟಗೆ, ಕಾಲು ಮುಂದೆ. ಹೊಂಡಕ್ಕೆ ಇಳಿದರೂ ಸೊಂಟಕ್ಕೆ ತಾಗುವುದಿಲ್ಲ. ನಿಧಾನಕ್ಕೆ ತಿರುಗಿಸುವಾಗ ಮಾತ್ರ ಭಾರ, ದನವನ್ನು ಹಟ್ಟಿಗೆ ತಿರುಗಿಸಿದ ಹಾಗೆ. ಧರ್ಮಸ್ಥಳ ದಾಟಿ ಘಾಟಿ ಹತ್ತಿದರೂ ಸುಸ್ತಾಗಲಿಕ್ಕಿಲ್ಲ ಅನಿಸಿತು.

ಆಮೇಲೆ ಸ್ಪೋರ್ಟ್ಸ್ ಬೈಕು ಹತ್ತಿದೆ. ಭಾರ ಪೂರ್ತಿ ಮಣಿಕಟ್ಟಿನ ಮೇಲೆ, ಎದೆ ಟ್ಯಾಂಕಿನ ಹತ್ತಿರ, ಕಾಲು ಹಿಂದಕ್ಕೆ ಮಡಚಿ. ಆಕ್ಸಿಲರೇಟರ್ ಸ್ವಲ್ಪ ತಿರುಗಿಸಿದರೆ ಸಾಕು, ಹಾರುತ್ತದೆ. ತಿರುವಿನಲ್ಲಿ ನಾವು ಬಗ್ಗುವ ಮೊದಲೇ ಅದು ಬಗ್ಗಿರುತ್ತದೆ. ಇದರ ಮೇಲೆ ನಿನಗೆ ಯಾಕೆ ಅಷ್ಟು ಪ್ರೀತಿ ಅಂತ ನನಗೆ ಅಲ್ಲಿ ಗೊತ್ತಾಯ್ತು. ಖಾಲಿ ರಸ್ತೆಯಲ್ಲಿ ಎದುರಿನ ಬ್ರೇಕು ಒತ್ತಿದೆ. ಬೈಕು ನಿಂತಿತು, ಗೂಟಕ್ಕೆ ಕಟ್ಟಿದ ಹಾಗೆ. ಅಲ್ಲೇ ಬದಿಗೆ ನಿಲ್ಲಿಸಿ ಹೆಲ್ಮೆಟ್ಟಿನ ಒಳಗೆ ಅತ್ತೆ. ಇಷ್ಟೇ ಬೇಕಾಗಿದ್ದದ್ದು ನಿನಗೆ…

ಮೈದಾನಕ್ಕೆ ಮರಳಿದಾಗ ಮೈಕಿನವ ಕಾದಿದ್ದ. “ಹೆಂಗಸರೂ ಓಡಿಸಬಹುದಾದ ಬೈಕು! ಟೀಚರ್ ಎರಡು ಮಾತು ಹೇಳ್ತಾರೆ.” ರಘುರಾಮ ವೇದಿಕೆಯಲ್ಲಿ ಕೈ ಮುಗಿದ. ನನ್ನ ಗುರುತು ಅವನಿಗೆ ಸಿಕ್ಕಿರಲಿಲ್ಲ. ನಾನು ಎರಡೂ ಬೈಕಿನ ಗುಣ ಹೇಳಿದೆ. ಸ್ಪೋರ್ಟ್ಸಿನ ಬ್ರೇಕು ಬಹಳ ಚೆನ್ನಾಗಿದೆ ಅಂದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಹೇಳಿದೆ, “ನನ್ನ ಅಣ್ಣನಿಗೆ ಇವರು ಕೊಟ್ಟ ಬೈಕಿನ ಬ್ರೇಕು ಚೆನ್ನಾಗಿರಲಿಲ್ಲ. ಅವನ ಹೆಸರು ಹರೀಶ, ಪುತ್ತಿಗೆಯವ. ಬ್ರೇಕು ಹಿಡಿಯುವುದಿಲ್ಲ ಅಂತ ಇವರಿಗೆ ಹಿಂದಿನ ದಿನವೇ ಹೇಳಿದ್ದ. ಅವನು ಸತ್ತ ಮೇಲೆ ಕುಡುಕ ಅಂತ ಊರಿಡೀ ಹೇಳಿದ್ದು ಇವರೇ.”

“ಯಾರಿವಳು? ಮೈಕು ಆಫ್ ಮಾಡಿ!” ಅಂದ. ಆಫ್ ಮಾಡಿದರು. ಗಲಾಟೆಯ ಕ್ಲಾಸಿಗೆ ಪಾಠ ಮಾಡುವವಳಿಗೆ ಮೈಕು ಯಾಕೆ?

“ನನಗೆ ಯಾರೂ ಏನೂ ಹೇಳಲಿಲ್ಲ. ಬ್ರೇಕಿನ ವಿಷಯವೇ ನನಗೆ ಗೊತ್ತಿಲ್ಲ” ಅಂತ ಜನರ ಕಡೆ ತಿರುಗಿ ಹೇಳಿದ.

“ಹೇಳಿದ್ದ. ಅದಕ್ಕೆ ನೀವು, ಗಿರಾಕಿ ಸತ್ತರೆ ಸಾಯಲಿ, ಬೈಕು ಹೊರಗೆ ತೆಗಿ ಅಂದದ್ದಲ್ವಾ?”

“ಸುಳ್ಳು! ಹಾಗೆ ಹೇಳಲಿಲ್ಲ ನಾನು! ಸೋಮವಾರ ಪಾರ್ಟು ಬರ್ತದೆ, ಅಲ್ಲಿ ತನಕ ಹೇಗಾದ್ರೂ ಸುಧಾರಿಸು ಅಂತ ಹೇಳಿದ್ದು…”

ಅಷ್ಟಕ್ಕೆ ಅವನ ಬಾಯಿ ನಿಂತಿತು. ಗಿರಾಕಿ ಸಾಯಲಿ ಅನ್ನುವ ಮಾತು ನಾನು ಕಟ್ಟಿದ್ದು ಅಣ್ಣ. ಬೇಕೆಂದೇ ಸುಳ್ಳು ಹೇಳಿದೆ. ಒಂದು ಸುಳ್ಳಿನ ಮೇಲೆ ಇಷ್ಟು ವರ್ಷ ಬದುಕಿದವನು, ಇನ್ನೊಂದು ಸುಳ್ಳು ತಡೆಯಲಾರದೆ ನಿಜ ಕಕ್ಕಿದ. ಬೈಕಿನ ಮೇಲೆ ಕೂತಿದ್ದವರು ಒಬ್ಬೊಬ್ಬರಾಗಿ ಇಳಿದರು. ನನಗೆ ಖುಷಿಯಾಯಿತಾ? ಆಯಿತು. ತುಂಬ ಆಯಿತು.

ಮೂರು ದಿನ ಕಳೆದು ರಘುರಾಮ ಪುತ್ತಿಗೆಯ ಮನೆಗೆ ಬಂದ, ನಾನೂ ಅಲ್ಲೇ ಇದ್ದೆ. ಅಷ್ಟು ಜನರ ಎದುರು ಬಾಯಿಬಿಟ್ಟ ಮೇಲೆ ಅವನಿಗೆ ಕೇಸಿನ ಹೆದರಿಕೆ. ಅಂಗಳದಲ್ಲಿ ನಿಂತು “ಅಮ್ಮ, ತಪ್ಪಾಯ್ತು” ಅಂದ. ಅಮ್ಮ ಕೂತ್ಕೊಳ್ಳಿ ಅನ್ನಲಿಲ್ಲ, ನೀರೂ ಕೊಡಲಿಲ್ಲ. “ನನ್ನ ಹತ್ತಿರ ಎಂತಕ್ಕೆ ಹೇಳುವುದು? ನನ್ನ ಮಗ ಕುಡಿಯುವುದಿಲ್ಲ ಅಂತ ನನಗೆ ಗೊತ್ತುಂಟು. ಗೊತ್ತಿಲ್ಲದವರ ಹತ್ತಿರ ಹೋಗಿ ಹೇಳಿ” ಅಂದಳು.

ಹೇಳಿಸಿದೆ. ಪುತ್ತಿಗೆಯಲ್ಲಿ ಮನೆಮನೆಗೆ ಕರ್ಕೊಂಡು ಹೋದೆ. ಅವನು ಮುಂದೆ, ನಾನು ಹಿಂದೆ. “ಹರೀಶ ಕುಡಿದಿರಲಿಲ್ಲ, ಬ್ರೇಕು ಕೆಟ್ಟದ್ದು ನನಗೆ ಗೊತ್ತಿತ್ತು” ಅಂತ ಪ್ರತಿ ಜಗಲಿಯಲ್ಲೂ ಹೇಳಿಸಿದೆ. ಧ್ವನಿ ಸಣ್ಣದಾದರೆ “ಕೇಳಲಿಲ್ಲ” ಅಂದೆ. ಕೇಸು ಹಾಕುವುದಿಲ್ಲ ಅಂತ ನಾನು ಮಾತು ಕೊಟ್ಟಿಲ್ಲ. ಅವನು ಕೇಳಿದಾಗಲೆಲ್ಲ “ನೋಡುವ” ಅನ್ನುತ್ತೇನೆ.

ಇನ್ನು ನೆರಿಯದ ಸೋದರಮಾವನ ಮನೆ ಒಂದು ಬಾಕಿ ಉಂಟು. ಕುಡುಕನ ಫೋಟೋ ತನ್ನ ಮನೆಯಲ್ಲಿ ಬೇಡ ಅಂತ ನಿನ್ನದನ್ನು ಗೋಡೆಯಿಂದ ಇಳಿಸಿದವರು ಅವರು. ಬರುವ ಭಾನುವಾರ ಹೋಗುತ್ತೇವೆ. “ಕಾರಲ್ಲಿ ಹೋಗುವ ಟೀಚರ್” ಅಂದ ರಘುರಾಮ. ಆಗುವುದಿಲ್ಲ ಅಂದೆ. ಮಂಗಳೂರಿನ ಬೇರೆ ಅಂಗಡಿಯಿಂದ ನಾನೊಂದು ಟೂರಿಂಗ್ ಬೈಕು ತಂದಿದ್ದೇನೆ, ಅದರ ಹಿಂದೆ ಕೂರಿಸಿಕೊಂಡು ಪೇಟೆಯ ನಡುವಿನಿಂದಲೇ ಹೋಗುತ್ತೇನೆ. ಜನ ನೋಡಲಿ. ಮಾವನ ಎದುರು ಹೇಳಿ ಮುಗಿಸಿದ ಮೇಲೆ ಅವನನ್ನು ಅಲ್ಲೇ ಬಿಟ್ಟು ಬರುತ್ತೇನೆ. ನೆರಿಯದಿಂದ ಸಂಜೆ ಬಸ್ಸು ಉಂಟು. ಹೋದವರು ಬಂದವರೆಲ್ಲ ಅವನ ಮುಖ ನೋಡಲಿ, ಆ ಬಸ್ಸಿನಲ್ಲಿ ನಿಂತುಕೊಂಡೇ ಬರಲಿ.

ನಿನ್ನ ತಂಗಿ,
ವಾರಿಜ