ತಾಯಿಯ ಹೆಸರಿಗೆ ಒಂದೇ ಜಾಗ

ಚಿಕ್ಕಿ,

ಫೋನಿನಲ್ಲಿ ನನ್ನ ಬಾಯಿಂದ ಮಾತು ಹೊರಡುತ್ತಿಲ್ಲ, ಬರೀ ಅಳು ಬರುತ್ತದೆ. ಆ ಕಡೆ ನೀವೂ ಅಳುತ್ತೀರಿ. ಇಬ್ಬರೂ ಕೂತು ಅಳುವುದಕ್ಕೆ ಫೋನ್ ಯಾಕೆ ಬೇಕು? ಅದಕ್ಕೇ ವೀಸಾ ಕಚೇರಿಯ ಹಜಾರದಲ್ಲಿ ಕೂತು ಬರೆಯುತ್ತಿದ್ದೇನೆ. ಮುಗಿದ ಮೇಲೆ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು ಓದಿ, ಅಮ್ಮನ ಮಂಚದ ಪಕ್ಕ ಬೇಡ. ಅವಳ ಬಾಯಿ ತಿರುಗದಿದ್ದರೂ ಕಣ್ಣು ಚುರುಕಾಗಿದೆ ಅಂತ ನೀವೇ ಹೇಳಿದಿರಿ. ನಿಮ್ಮ ಮುಖ ನೋಡಿಯೇ ಎಲ್ಲ ತಿಳಿದುಕೊಂಡುಬಿಡುತ್ತಾಳೆ.

ನಿಮ್ಮ ಅಕ್ಕನನ್ನು ನಾನು ಅಮ್ಮ ಅನ್ನುವುದು, ಹೆತ್ತ ನಿಮ್ಮನ್ನು ಚಿಕ್ಕಿ ಅನ್ನುವುದು ನಮ್ಮ ಮನೆಯಲ್ಲಿ ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ನಿಮಗೆ ರೈಲ್ವೆ ಕೆಲಸ, ಮೇಲಿಂದ ಮೇಲೆ ವರ್ಗ. ನನಗೆ ಹಲ್ಲು ಮೂಡುವ ಮೊದಲೇ ಅಕ್ಕನ ಮಡಿಲಿಗೆ ಹಾಕಿ ಹೋದಿರಿ. ಅವಳ ಗಂಡುಮಕ್ಕಳು ಅವಳನ್ನು ಅಮ್ಮ ಅಂದರು, ನಾನೂ ಅಂದೆ. ನಿಮ್ಮನ್ನು ಚಿಕ್ಕಿ ಅಂದರು, ನಾನೂ ಅಂದೆ. ತಿದ್ದಲು ಬಂದವರಿಗೆ ಅಮ್ಮ, "ಮಗು ಹೇಗೆ ಕರೆದ್ರೇನು, ತಿರುಗಿ ನೋಡೋರಿದ್ರೆ ಸಾಕು" ಅಂದಳಂತೆ. ನೀವು ನಕ್ಕಿರಂತೆ. ನಿಜವಾಗಿ ನಕ್ಕಿರಾ ಚಿಕ್ಕಿ? ಎಷ್ಟೋ ಸಲ ಕೇಳಬೇಕು ಅಂದುಕೊಂಡೆ, ಧೈರ್ಯ ಬರಲಿಲ್ಲ.

ಇಲ್ಲಿಯ ವಿಷಯ ನಿಮಗೆ ಅರ್ಧಂಬರ್ಧ ಗೊತ್ತು. ನಾನು ಮೊದಲು ಬಂದದ್ದು ಮೂರು ತಿಂಗಳ ವೀಸಾದಲ್ಲಿ, ಕೃತಕ ಕಾಲು ಮಾಡುವುದನ್ನು ಕಲಿಸುವ ಸಣ್ಣ ಕೋರ್ಸಿಗೆ. ಅಲ್ಪಾವಧಿ ವೀಸಾ ಅಂದರೆ ನೆಂಟರ ಮನೆಯಲ್ಲಿ ಹಾಕಿಕೊಟ್ಟ ಹಾಸಿಗೆ. ಎಷ್ಟು ಮೆತ್ತಗಿದ್ದರೂ ಬೆಳಗಾದರೆ ಸುತ್ತಿಡಬೇಕು. ನನ್ನ ಕೈಕೆಲಸ ನೋಡಿ ಕಾರ್ಯಾಗಾರದ ಮೇಷ್ಟ್ರು ಎರಡು ವರ್ಷದ ತರಬೇತಿಗೆ ಸೇರಿಸಿಕೊಂಡರು. ಅದಕ್ಕೆ ದೀರ್ಘಾವಧಿ ವೀಸಾ ಬೇಕು. ಅರ್ಜಿ ಹಾಕಿದೆ, ಸಂದರ್ಶನವೂ ಆಯಿತು. ಅಷ್ಟರಲ್ಲಿ ಹಳೆಯ ವೀಸಾ ಮುಗಿಯಿತು, ಹೊಸದು ಬರುವವರೆಗೆ ಒಂದು ರಸೀದಿ ಕೊಟ್ಟರು. ರಸೀದಿ ಇಟ್ಟುಕೊಂಡು ಇಲ್ಲಿ ಇರಬಹುದು, ದೇಶ ಬಿಟ್ಟು ಹೊರಡುವ ಹಾಗಿಲ್ಲ. ಹೊರಟರೆ ಅರ್ಜಿ ಸತ್ತಂತೆ, ತರಬೇತಿಯ ಜಾಗ ಇನ್ನೊಬ್ಬರ ಪಾಲು. ತಂದೆ, ತಾಯಿ, ಗಂಡ, ಮಕ್ಕಳು ಸಾಯುವ ಸ್ಥಿತಿಯಲ್ಲಿದ್ದರೆ ಮಾತ್ರ ಹೋಗಿಬರಲು ಅನುಮತಿ ಕೊಡುತ್ತಾರೆ.

"ಬರೋರಿದ್ರೆ ಬಂದುಬಿಡ್ಲಿ" ಅಂತ ಡಾಕ್ಟರು ಹೇಳಿದ್ದನ್ನು ನಿಮ್ಮಿಂದ ಕೇಳಿದ ತಕ್ಷಣ ಮೊನ್ನೆ ನಾನು ಓಡಿ ಬಂದದ್ದು ಇಲ್ಲಿಗೇ. ಕಿಟಕಿಯಲ್ಲಿ ಕನ್ನಡಕ ಹಾಕಿಕೊಂಡ ಒಬ್ಬ ಹೆಂಗಸು ಕೂತಿದ್ದಳು. ಅಮ್ಮನಿಗೆ ಪಾರ್ಶ್ವವಾಯು ಹೊಡೆದಿದೆ ಅಂದೆ, ನೀವು ಕಳಿಸಿದ ಆಸ್ಪತ್ರೆಯ ಕಾಗದ ತೋರಿಸಿದೆ. ಅವಳು ಕಂಪ್ಯೂಟರ್ ನೋಡಿದಳು. "ನಿಮ್ಮ ತಾಯಿಯ ಹೆಸರು ಇದಲ್ಲವಲ್ಲ" ಅಂದಳು. ಅರ್ಜಿಯಲ್ಲಿರುವುದು ನಿಮ್ಮ ಹೆಸರು, ಕೆಲಸ ರೈಲ್ವೆ ಟಿಕೆಟ್ ಕೌಂಟರು. ಆದರೆ ಸಂದರ್ಶನದ ದಿನ ತಾಯಿ ಏನು ಮಾಡುತ್ತಾರೆ ಅಂತ ಕೇಳಿದಾಗ ನಾನು ಬಾಯಿಗೆ ಬಂದದ್ದನ್ನೇ ಹೇಳಿದ್ದೆ: "ಅಮ್ಮ ಬಟ್ಟೆ ಹೊಲೀತಾಳೆ." ಅದನ್ನೂ ಬರೆದಿಟ್ಟುಕೊಂಡಿದ್ದಾರೆ ಪುಣ್ಯಾತ್ಮರು. "ಇದರಲ್ಲಿ ಯಾವುದು ನಿಜ?" ಅಂತ ಕೇಳಿದಳು. ಎರಡೂ ಅಂದೆ. ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು.

ಅವರ ಭಾಷೆಯಲ್ಲಿ ದೊಡ್ಡಮ್ಮನಿಗೆ ಪದವೇ ಇಲ್ಲ. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಸೋದರಮಾವನ ಹೆಂಡತಿ ಎಲ್ಲರನ್ನೂ ಒಂದೇ ಗಂಟು ಕಟ್ಟಿ ಮೂಲೆಗಿಟ್ಟಿದ್ದಾರೆ. ನಾನು ಅಕ್ಷರಕ್ಕೆ ಅಕ್ಷರ ಇಟ್ಟು ದೊಡ್ಡ ತಾಯಿ ಅಂದೆ. "ಓ, ಅಜ್ಜಿಯೇ?" ಅಂದಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಜ್ಜಿಯಲ್ಲ, ಸಾಕಿದವಳು ಅಂದೆ. ದತ್ತು ಪತ್ರ ಇದೆಯೇ ಅಂದಳು. ತಂಗಿಯ ಮಗುವನ್ನು ಅಕ್ಕ ಎತ್ತಿಕೊಳ್ಳುವುದಕ್ಕೆ ಯಾರ ರುಜು ಬೇಕು ಚಿಕ್ಕಿ? ಕನ್ನಡಕದವಳೇನೂ ಕೆಟ್ಟವಳಲ್ಲ. ದನಿ ತಗ್ಗಿಸಿ, "ನನಗೆ ಅರ್ಥ ಆಗುತ್ತೆ. ಆದ್ರೆ ಇದರಲ್ಲಿ ತಾಯಿಯ ಹೆಸರಿಗೆ ಒಂದೇ ಜಾಗ ಇದೆ" ಅಂದಳು. ಆಮೇಲೆ, "ಈ ಜಾಗದಲ್ಲಿರೋ ತಾಯಿ ಹೇಗಿದ್ದಾರೆ?" ಅಂತ ಕೇಳಿದಳು.

ಆರೋಗ್ಯವಾಗಿದ್ದಾರೆ ಅಂದೆ. ಹಾಗೆ ಅನ್ನುವಾಗ ನನ್ನ ಮನಸ್ಸಿಗೆ ಬಂದದ್ದನ್ನು ನಿಮ್ಮಿಂದ ಮುಚ್ಚಿಟ್ಟುಕೊಂಡು ನಾನು ನಿಮ್ಮ ಮುಖ ನೋಡಲಾರೆ. ಆ ಮಂಚದಲ್ಲಿ ನೀವು ಮಲಗಿರಬಾರದಿತ್ತೇ ಅನ್ನಿಸಿತು. ನಿಮಗೇ ಹೀಗಾಗಿದ್ದರೆ ನನಗೆ ಅನುಮತಿ ಸಿಗುತ್ತಿತ್ತು, ಅಮ್ಮ ನೆಟ್ಟಗೆ ಓಡಾಡಿಕೊಂಡಿರುತ್ತಿದ್ದಳು, ಎಲ್ಲ ಸರಿಹೋಗುತ್ತಿತ್ತು ಅಂತ ಆ ಕಿಟಕಿಯ ಮುಂದೆ ನಿಂತು ಯೋಚಿಸಿದೆ. ಒಂದೇ ಗಳಿಗೆ, ಆದರೂ ಯೋಚಿಸಿದೆ. ಹೆತ್ತ ಹೊಟ್ಟೆಗೆ ಇದಕ್ಕಿಂತ ಬೆಂಕಿ ಬೇಕೇ?

ಅನುಮತಿ ಸಿಗಲಿಲ್ಲ ಅಂದದ್ದಕ್ಕೆ ನಿನ್ನೆ ಫೋನು ಮಾಡಿ ನೀವೇ ಏನಂದಿರಿ? "ಆಸ್ಪತ್ರೆ ಕಾಗದ ನನ್ನ ಹೆಸರಲ್ಲೇ ಬರೆಸಿಬಿಡ್ತೀನಿ ಕಣೆ. ಡಾಕ್ಟ್ರು ಗೊತ್ತಿರೋರು, ಕೈಕಾಲು ಹಿಡೀತೀನಿ. ಪೇಪರಲ್ಲಿ ಸತ್ರೆ ಯಾರೂ ಸಾಯಲ್ಲ." ನಾನು ಫೋನ್ ಇಟ್ಟುಬಿಟ್ಟೆ. ನನ್ನ ಮನಸ್ಸಿನ ಪಾಪವನ್ನು ನೀವು ದಾನ ಕೊಡಲು ಬಂದ ಹಾಗಿತ್ತು. ಬೇಡ ಚಿಕ್ಕಿ. ಸಿಕ್ಕಿಬೀಳುವ ಭಯಕ್ಕಲ್ಲ. ನಾನು ಹುಟ್ಟಿದಾಗಿನಿಂದ ನೀವು ನಿಮ್ಮ ಜಾಗ ಬಿಟ್ಟುಕೊಡುತ್ತಲೇ ಬಂದಿದ್ದೀರಿ. ಈಗ ಸಾವನ್ನೂ ನಿಮ್ಮ ಹೆಸರಿಗೆ ಬರೆಸಿಕೊಳ್ಳುವುದನ್ನು ನಾನು ನೋಡಲಾರೆ. ಅಮ್ಮನಿಗೆ ಗೊತ್ತಾದರೆ ಎದ್ದು ಬಂದು ಬಾರಿಸುತ್ತಾಳೆ. ಏಳುವುದಾದರೆ ಬಾರಿಸಲಿ ಬಿಡಿ.

ಈಗಷ್ಟೇ ಕಿಟಕಿಗೆ ಹೋಗಿ ಅರ್ಜಿ ವಾಪಸ್ ತೆಗೆದುಕೊಂಡೆ. ಕನ್ನಡಕದವಳು, "ಅಲ್ಲಿಂದ ಹೊಸದಾಗಿ ಹಾಕಿದ್ರೂ ಸಿಗುತ್ತೆ ಅಂತ ಹೇಳೋಕಾಗಲ್ಲ, ಗೊತ್ತಲ್ಲ?" ಅಂತ ಕೇಳಿದಳು. ಗೊತ್ತು ಅಂದೆ. ಮುದ್ರೆ ಒತ್ತಿದಳು. ಬೆಳಿಗ್ಗೆಯೇ ಮೇಷ್ಟ್ರಿಗೆ ಹೇಳಿ ಬಂದಿದ್ದೆ. ಅವರು ನನ್ನ ಏಪ್ರನ್ ತಾವೇ ಮಡಿಸಿಟ್ಟರು. ಮನೆಮನೆಗೆ ಅಂಚೆ ಹಂಚುವ ಹೆಂಗಸೊಬ್ಬಳ ಕಾಲು ನನ್ನ ಮೇಜಿನ ಮೇಲೆ ಇನ್ನೂ ಹಾಗೇ ಇದೆ. ಪ್ಲಾಸ್ಟರ್ ಅಚ್ಚನ್ನು ಉಜ್ಜಿ ನಯ ಮಾಡಿದ್ದೆ, ಮೊಣಕಾಲಿನ ಕೆಳಗೆ ಒತ್ತದ ಹಾಗೆ ಇನ್ನಷ್ಟು ತಿದ್ದಬೇಕಿತ್ತು. ಬೇರೆ ಯಾರೋ ಮುಗಿಸುತ್ತಾರೆ. ಸುಳ್ಳು ಯಾಕೆ ಹೇಳಲಿ, ಈ ಕೆಲಸದಷ್ಟು ನನ್ನ ಕೈಗೆ ಒಗ್ಗಿದ್ದು ಇನ್ನೊಂದಿಲ್ಲ.

ನನ್ನನ್ನು ಕಳಿಸುವಾಗ ಅಮ್ಮ, "ಅರ್ಧಕ್ಕೆ ಬಿಟ್ಟು ಬಂದ್ರೆ ಕಾಲು ಮುರೀತೀನಿ, ಆಮೇಲೆ ನಿನ್ನ ಕಾಲು ನೀನೇ ಮಾಡ್ಕೋಬೇಕು" ಅಂದಿದ್ದಳು. ಆದ್ದರಿಂದ ನನಗೆ ರಜೆ ಸಿಕ್ಕಿದೆ ಅಂತ ಅವಳಿಗೆ ಹೇಳಿ. ಸುಳ್ಳು ಹೇಳಲು ನಿಮಗೆ ಬರುವುದಿಲ್ಲ, ಹೇಳುವಾಗ ಬೇರೆ ಕಡೆ ನೋಡಿ.

ನಾಳೆ ಸಂಜೆಯ ಹೊತ್ತಿಗೆ ಬಂದುಬಿಡುತ್ತೇನೆ. ಅಲ್ಲಿಯವರೆಗೆ ಅವಳನ್ನು ಹೇಗಾದರೂ ಹಿಡಿದಿಟ್ಟುಕೊಳ್ಳಿ. ತಡವಾದರೆ ಏನು ಮಾಡಬೇಕೋ ನನಗೆ ಗೊತ್ತಿಲ್ಲ. ಅವಳಿಲ್ಲದ ಮನೆಯಲ್ಲಿ ನಿಮಗೆ ಮಗಳಾಗಿ ಇರುವುದು ಹೇಗೆ ಅಂತ ನನಗೆ ಯಾರೂ ಕಲಿಸಿಲ್ಲ. ಅವಳ ಹತ್ತಿರ ಮಾತಾಡುತ್ತಲೇ ಇರಿ. ಬೈಯಿರಿ, ಜಗಳ ತೆಗೆಯಿರಿ. ಮಗು ಯಾರದು ಅಂತಲೇ ತೆಗೆಯಿರಿ. ಆ ಒಂದು ಜಗಳ ನೀವಿಬ್ಬರೂ ಯಾವತ್ತೂ ಆಡಲಿಲ್ಲ. "ಅವಳು ನನ್ನ ಮಗಳು, ನಾನು ಹೆತ್ತದ್ದು" ಅಂತ ಅಮ್ಮನ ಕಿವಿಯ ಹತ್ತಿರ ಗಟ್ಟಿಯಾಗಿ ಹೇಳಿ. ನಿಮ್ಮ ಮೇಲಿನ ರೋಷಕ್ಕಾದರೂ ನಾನು ಬರುವವರೆಗೆ ಉಸಿರು ಬಿಗಿಹಿಡಿದುಕೊಂಡಿರುತ್ತಾಳೆ.

ಚಿಕ್ಕವರು ದೊಡ್ಡವರನ್ನು ಹರಸಬಾರದು ಅಂತಾರೆ. ಅನ್ನಲಿ. ನಿನಗೆ ಏನೂ ಆಗಬಾರದು ಚಿಕ್ಕಿ. ನೀನು ನೂರು ವರ್ಷ ಚೆನ್ನಾಗಿರು.

ನಿನ್ನ ಮಗಳು