ಅಮರ್ ಇಟ್ಟ ಹೆಸರು

ಸಿದ್ಧಾರ್ಥನಗರ, ಮೈಸೂರು
೨೮ ಮೇ ೨೦೨೫

ನನ್ನ ಮುದ್ದು ಸುಮಾ,

ಅಮರ್‌ನ ಬ್ಯಾಗಿನಲ್ಲಿ ಬಟ್ಟೆಯ ಮೇಲೆ ಈ ಕಾಗದ ಇಟ್ಟು ಕಳಿಸುತ್ತಿದ್ದೇನೆ. ವಿಡಿಯೋ ಕಾಲ್‌ನಲ್ಲಿ ಹೇಳೋಣವೆಂದರೆ, ನಿನಗೆ ಬೇಡದ ಮಾತು ಬಂದ ಕೂಡಲೇ ಮುಖ ಆ ಕಡೆ ತಿರುಗಿಸಿಬಿಡುತ್ತೀಯ. ಕಿವುಡಿ ತಾಯಿಯ ಬಾಯಿ ಮುಚ್ಚಿಸುವುದು ಅಷ್ಟು ಸುಲಭ ಕಣೇ. ಇದನ್ನಾದರೂ ಪೂರ್ತಿ ಓದು.

ರಜೆಗೆ ಮಗನನ್ನು ಇಲ್ಲಿ ಬಿಟ್ಟು ಹೋಗುವಾಗ, ಅವನ ಮುಂದೆ ಸನ್ನೆ ಮಾಡಬೇಡ ಅಂದೆ. ಅದನ್ನು ನೀನು ನನಗೆ ಹೇಳಿದ್ದೂ ಸನ್ನೆಯಲ್ಲೇ. ಕೈ ಅಭ್ಯಾಸವಾದರೆ ಮಾತು ಬರುವುದಿಲ್ಲ, ಸೋಮವಾರ ಸೇರಿಸಬೇಕೆಂದಿರುವ ಶಾಲೆಯವರು ಸನ್ನೆ ಮಾಡುವ ಮಕ್ಕಳನ್ನು ತೆಗೆದುಕೊಳ್ಳುವುದಿಲ್ಲ ಅಂದೆ. ಅವನು ಏನೋ ತೋರಿಸಲು ಕೈ ಎತ್ತಿದರೆ ನೀನು ಹಿಡಿದು ಮೆಲ್ಲಗೆ ಕೆಳಗಿಳಿಸುವುದನ್ನೂ ನೋಡಿದ್ದೇನೆ. ನಿನ್ನ ಮಾತು ಮೀರಲಿಲ್ಲ. ಸೆರಗಿನೊಳಗೆ ಕೈ ಇಟ್ಟುಕೊಂಡೇ ಕೂತೆ. ಕಿವಿಗೆ ಮಷಿನ್ ಹಾಕಿದರೂ ಅವನಿಗೆ ಹೆಚ್ಚೇನೂ ಕೇಳಿಸದು. ಅವನು ನನ್ನ ತುಟಿ ನೋಡುತ್ತಾನೆ, ನಾನು ಅವನ ತುಟಿ ನೋಡುತ್ತೇನೆ. ಒಂದೇ ಮನೆಯಲ್ಲಿದ್ದೂ ಅಜ್ಜಿ ಮೊಮ್ಮಗ ಇಬ್ಬರೂ ಮೂಕರಾಗಿಬಿಟ್ಟೆವು.

ಇದೆಲ್ಲ ಹೊಸ ಪದ್ಧತಿ ಎಂದು ನಿನಗೆ ಯಾರು ಹೇಳಿದರೋ ಕಾಣೆ. ನಮ್ಮ ಕಿವುಡರ ಶಾಲೆಯಲ್ಲೂ ಇದೇ. ತೊಡೆಯ ಕೆಳಗೆ ಕೈ ಸಿಕ್ಕಿಸಿಕೊಂಡು ಕೂರಬೇಕು. ಪ್ರೇಮಲೀಲಾ ಮೇಡಂ ಮೇಣದಬತ್ತಿ ಹಚ್ಚಿ ನಮ್ಮ ಬಾಯಿ ಮುಂದೆ ಹಿಡಿಯೋರು. ‘ಪ’ ಅಂದರೆ ದೀಪ ಅಲ್ಲಾಡಬೇಕು, ‘ಬ’ಗೆ ಅವರ ಗಂಟಲು ಮುಟ್ಟಿ ನಡುಕ ತಿಳಿಯಬೇಕು. ಕೆಟ್ಟವರಲ್ಲ ಪಾಪ, ಜ್ವರ ಬಂದರೆ ಮನೆಯಿಂದ ಗಂಜಿ ತಂದುಕೊಡುತ್ತಿದ್ದರು. ಹೀಗೇ ಕಲಿಸಬೇಕೆಂದು ಅವರಿಗೂ ಯಾರೋ ಕಲಿಸಿದ್ದರು. ಆದರೆ ಬೇರೆ ಮಕ್ಕಳು ಚರಿತ್ರೆ, ವಿಜ್ಞಾನ ಓದುವ ಹೊತ್ತಿನಲ್ಲಿ ನಾವು ಮೇಣದಬತ್ತಿ ಊದುತ್ತಿದ್ದೆವು. ಆಮೇಲೆ, ನಿಮಗೆ ಅಷ್ಟೆಲ್ಲ ಪಾಠ ಯಾಕೆ ಎಂದು ಹೊಲಿಗೆಗೆ ಹಾಕಿದರು.

ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ನನಗೆ ಗೊತ್ತಾದದ್ದು ನಿನ್ನ ಸ್ಕೂಲ್ ಪುಸ್ತಕದಿಂದ. ನೀನು ಅಡುಗೆಮನೆಯಲ್ಲಿ ನಿಂಬೆಹಣ್ಣನ್ನು ಸ್ಟೌ ಸುತ್ತ ತಿರುಗಿಸಿ, ಸನ್ನೆಯಲ್ಲೇ ಬಿಡಿಸಿ ಹೇಳಿದ್ದೆ. ನೆನಪಿದೆಯಾ? ಆವತ್ತು ನನಗೆ ಸಂತೋಷಕ್ಕಿಂತ ಸಿಟ್ಟೇ ಬಂದಿತ್ತು, ಇಷ್ಟು ಸಣ್ಣ ವಿಷಯ ನನಗೆ ಯಾರೂ ಹೇಳಲಿಲ್ಲವಲ್ಲ ಅಂತ.

ನಿನ್ನ ಕಷ್ಟ ಗೊತ್ತಿಲ್ಲವೆಂದಲ್ಲ. ಬ್ಯಾಂಕು, ಆಸ್ಪತ್ರೆ, ರೇಷನ್ ಅಂಗಡಿ, ಎಲ್ಲ ಕಡೆ ನನಗೂ ನಿಮ್ಮಪ್ಪನಿಗೂ ಚಿಕ್ಕಂದಿನಿಂದ ನೀನೇ ಕಿವಿ, ನೀನೇ ಬಾಯಿ. ಸಿಟಿ ಬಸ್ಸಿನಲ್ಲಿ ಜನ ನಮ್ಮ ಕೈ ನೋಡಿ ನಗುವಾಗ ನೀನು ಕಿಟಕಿ ಕಡೆ ತಿರುಗುತ್ತಿದ್ದೆ. ಮಗನನ್ನು ಯಾರೂ ಹಾಗೆ ನೋಡಬಾರದು ಅಂತ ನಿನ್ನ ಆಸೆ. ಅರ್ಥವಾಗುತ್ತೆ ಕಣಮ್ಮ, ಆದರೂ ಸಂಕಟವಾಗುತ್ತೆ.

ಮೇಟಗಳ್ಳಿ ಕಡೆ ಒಂದು ಶಾಲೆ ನೋಡಿಬಂದೆ. ಪಾಠ ಸನ್ನೆಯಲ್ಲಿ, ಪುಸ್ತಕ ಮಾತ್ರ ಎಲ್ಲ ಮಕ್ಕಳು ಓದುವಂಥದ್ದೇ. ಮಾತು ಕಲಿಸುವ ಟೀಚರೂ ಇದ್ದಾರೆ. ಮಾತು ಬಂದರೆ ಬರಲಿ, ನಾನೇನು ಬೇಡ ಅನ್ನುತ್ತೇನಾ? ಅದು ಬರುವವರೆಗೆ ಮಗು ಏನೂ ತಿಳಿಯದೆ ಕೂತಿರಬೇಕಾ? ಸೋಮವಾರದೊಳಗೆ ಒಂದು ಸಲ ಹೋಗಿ ನೋಡು, ಕೈಮುಗಿದು ಕೇಳುತ್ತೇನೆ.

ಇಂತಿ ನಿನ್ನ ಅಮ್ಮ,
ಪದ್ಮಾವತಿ

ಬರೆಯಬಾರದು ಅಂದುಕೊಂಡಿದ್ದೆ, ಬರೆದುಬಿಡುತ್ತೇನೆ. ನಮ್ಮ ಕಿವುಡರಲ್ಲಿ ಒಬ್ಬೊಬ್ಬರ ಗುರುತು ನೋಡಿ ಒಂದು ಸನ್ನೆಯ ಹೆಸರು ಇಡುತ್ತೇವಲ್ಲ. ನಿನ್ನ ಕೆನ್ನೆಯ ಗುಳಿ ನೋಡಿ ನಿನಗೆ ಇಟ್ಟಿದ್ದೆವು. ಅಮರ್ ಯಾರೂ ಹೇಳಿಕೊಡದೆ ತಾನೇ ಹೆಸರಿಡಲು ಶುರುಮಾಡಿದ್ದಾನೆ. ಸಂಜೆಯಾದರೆ ಗೇಟಿನ ಕಡೆ ನೋಡಿ, ಒಂದು ಕೈಯಿಂದ ಇನ್ನೊಂದು ಕೈಯನ್ನು ಕೆಳಗೆ ಒತ್ತಿ ಹಿಡಿದು ಅಳುತ್ತಾನೆ. ಏನೆಂದು ನನಗೆ ತಿಳಿದಿರಲಿಲ್ಲ. ನಿನ್ನೆ ನಿನ್ನ ಫೋಟೋ ತೋರಿಸಿದೆ. ಮುಖ ಅರಳಿಸಿಕೊಂಡು ಮತ್ತೆ ಅದನ್ನೇ ಮಾಡಿದ. ಅವನಿಗೆ ಅಮ್ಮ ಅಂದರೆ ಅದು, ಸುಮಾ.